ಸೋಮಾರಿಯ ಮೈಮೇಲೆ ಹನ್ನೊಂದು ಗೀರು

ಆ ಗಿಡದ ಹೆಸರು ನರ್ಸರಿಯ ರಿಜಿಸ್ಟರಿನಲ್ಲಿ ಒಂದೂವರೆ ಸಾಲು ಉದ್ದವಿತ್ತು. ನಾಲಿಗೆ ಹೊರಳದ ಆ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಎಲ್ಲರಿಗೂ ಅದು ‘ಸೋಮಾರಿ’. ಹಾಗೆ ಹೆಸರಿಟ್ಟವನು ಅಲ್ಲಿ ಕೆಲಸಕ್ಕಿದ್ದ ಹೆಂಗಸೊಬ್ಬಳ ಅಪ್ಪ, ಅದೇ ನರ್ಸರಿಯಲ್ಲಿ ಮೂವತ್ತು ವರ್ಷ ಮಾಲಿಯಾಗಿದ್ದವನು. ಊರಾಚೆಯ ಗುಡ್ಡದ ಒಂದೇ ಒಂದು ಇಳಿಜಾರಿನಲ್ಲಿ, ಬಂಡೆಗಳ ಸಂದಿಯಲ್ಲಿ ಬೆಳೆಯುವ ಮೊಣಕಾಲೆತ್ತರದ ಪೊದೆ. ಲೋಕದಲ್ಲಿ ಬೇರೆಲ್ಲೂ ಇಲ್ಲ. ಕೈಯಲ್ಲಿನ ಚಹಾ ಆರುವುದರೊಳಗೆ ಆ ಇಳಿಜಾರನ್ನು ಸುತ್ತಿ ಬರಬಹುದಿತ್ತು. ಹೋದ ವರ್ಷ ಬಿದ್ದ ಬೆಂಕಿಗೆ ಅದನ್ನೆಲ್ಲ ಸುಡಲೂ ಅಷ್ಟೇ ಹೊತ್ತು ಸಾಕಾಯಿತು.

ಬೆಂಕಿಗೆ ಮುಂಚೆ ಅಪ್ಪ ಅಲ್ಲಿಂದ ನಲವತ್ತು ಕಡ್ಡಿ ತಂದು ಕುಂಡಗಳಲ್ಲಿ ನೆಟ್ಟಿದ್ದ. ಮೂವತ್ತೊಂಬತ್ತು ಕೊಳೆತವು, ಒಂದು ಬೇರುಬಿಟ್ಟು ಹೂವನ್ನೂ ಬಿಟ್ಟಿತು. ಅಷ್ಟರಲ್ಲಿ ಅಪ್ಪನ ಹೃದಯ ಕೈಕೊಟ್ಟಿತು. ಆಸ್ಪತ್ರೆಯಿಂದ ಅವನು ಮಗಳ ಮನೆಗೆ ಬಂದ, ನರ್ಸರಿಯಲ್ಲಿ ಮಗಳ ಕೈಗೆ ಕುಂಡ ಬಂತು. ಎರಡೇ ವಾರದಲ್ಲಿ ಸೋಮಾರಿ ಎಲೆಯೆಲ್ಲ ಉದುರಿಸಿ ಬರೀ ಕಡ್ಡಿಯಾಗಿ ನಿಂತಿತು.

ಮಾಲಿಗಳಿಗೊಂದು ಚಾಳಿ. ಗಿಡಕ್ಕೆ ಜೀವವಿದೆಯೋ ಇಲ್ಲವೋ ಎಂದು ಹೆಬ್ಬೆರಳಿನ ಉಗುರಿನಿಂದ ತೊಗಟೆ ಗೀರಿ ನೋಡುತ್ತಾರೆ. ಒಳಗೆ ಹಸಿರಿದ್ದರೆ ಬದುಕಿದೆ, ಕಂದಾಗಿದ್ದರೆ ಮುಗಿಯಿತು. ಅವಳು ಸೋಮವಾರ ಗೀರಿದಳು. ಹಸಿರಿತ್ತು. ನೆಮ್ಮದಿ ಬುಧವಾರದವರೆಗೆ ಬಾಳಿತು, ಅವತ್ತು ಇನ್ನೊಂದು ಕಡೆ ಗೀರಿದಳು. ಅನುಮಾನಕ್ಕೆ ಮದ್ದಿಲ್ಲ ನೋಡಿ. ಮೂರನೆಯ ವಾರಕ್ಕೆ ಕಡ್ಡಿ ತುದಿಯಿಂದ ನಡುವಿನವರೆಗೆ ಕಂದಾಗಿತ್ತು.

ಮೇಲ್ವಿಚಾರಕಿ ಕೆಟ್ಟವಳೇನಲ್ಲ. ಆದರೆ ಗುಲಾಬಿ ಸಸಿಗಳನ್ನಿಡಲು ಅವಳಿಗೆ ಜಾಗ ಬೇಕಿತ್ತು. “ಸತ್ತಿದ್ರೆ ಸತ್ತಿದೆ ಅಂತ ರಿಜಿಸ್ಟರಲ್ಲಿ ಬರೆದುಬಿಡು,” ಎಂದಳು.

ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಮಗಳು ಬಸ್ಸಿನಲ್ಲಿ ಮನೆಗೆ ಬಂದಳು. ಅಪ್ಪ ಕನ್ನಡಕ ಏರಿಸಿ, ಕಡ್ಡಿಯನ್ನು ಸುತ್ತಲೂ ನೋಡಿ, ಗೀರುಗಳನ್ನು ಎಣಿಸಿದ. ಹನ್ನೊಂದು.

“ಇದ್ಯಾರ ಉಗುರು?”

ಅವಳು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ನಲವತ್ತು ದಾಟಿದ ಹೆಂಗಸು.

“ಹೂಬಿಟ್ಟ ಮೇಲೆ ಎರಡು ಮೂರು ತಿಂಗಳು ಮಲಗೋದು ಇದರ ಹುಟ್ಟುಗುಣ ಕಣಮ್ಮ. ಮತ್ಯಾಕೆ ಸೋಮಾರಿ ಅಂತೀನಿ? ಆಸ್ಪತ್ರೆ ಗಲಾಟೇಲಿ ನಿಂಗೆ ಹೇಳೋದೇ ಮರೆತೆ. ಬದುಕಿದ್ದೀಯಾ, ಬದುಕಿದ್ದೀಯಾ ಅಂತ ಎಬ್ಬಿಸಿ ಎಬ್ಬಿಸಿ ಕೇಳಿದ್ರೆ ಅದಾದ್ರೂ ಏನ್ಮಾಡುತ್ತೆ?”

“ಹಾಗಾದ್ರೆ ನಾನೇ ಕೊಂದೆನಾ ಅಪ್ಪ?”

“ಬುಡ ಮುಟ್ಟಿಲ್ಲ ನೀನು. ಬೇರಲ್ಲಿ ಜೀವ ಇರಬಹುದು, ಇಲ್ಲದೇನೂ ಇರಬಹುದು. ಗೀರದೆ ಕಾಯಬೇಕು, ಅಷ್ಟೆ.” ಅಪ್ಪ ಕನ್ನಡಕ ಕೆಳಗಿಟ್ಟ. “ನಂಗೂ ಹಂಗೇ ಮಾಡ್ತೀಯ. ದಿನಾ ಬೆಳಿಗ್ಗೆ ಬಂದು ಮೂಗಿನ ಕೆಳಗೆ ಬೆರಳಿಡ್ತೀಯಲ್ಲ?”

“ನೀನು ನಿದ್ದೇಲಿರ್ತೀಯ ಅಂದ್ಕೊಂಡಿದ್ದೆ.”

“ಎಲ್ಲಿಯ ನಿದ್ದೆ? ನಿನ್ನ ಹೆಜ್ಜೆ ಕೇಳ್ತಿದ್ದ ಹಾಗೇ ಕಣ್ಮುಚ್ಚಿಕೊಂಡು ಜೋರಾಗಿ ಉಸಿರು ಬಿಡ್ತೀನಿ. ಕೆಲಸಕ್ಕೆ ನೆಮ್ಮದಿಯಾಗಿ ಹೋಗ್ಲಿ ಅಂತ.”

ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು.

ಮರುದಿನ ಕುಂಡವನ್ನು ನರ್ಸರಿಗೆ ವಾಪಸ್ ತಂದಿಟ್ಟು, ರಿಜಿಸ್ಟರಿನಲ್ಲಿ ‘ಮಲಗಿದೆ’ ಎಂದು ಬರೆದಳು. ಮೇಲ್ವಿಚಾರಕಿ ಅದನ್ನು ಎರಡು ಸಲ ಓದಿ, “ಒಂದು ತಿಂಗಳು,” ಎಂದಳು. ಕೈ ಸುಮ್ಮನಿರಬೇಕಲ್ಲ, ಮಗಳು ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡಳು. ಏನಾಯಿತೆಂದು ಕೇಳಿದವರಿಗೆ, “ಹಳೇ ಚಾಳಿ, ವಾಸಿಯಾಗ್ತಿದೆ,” ಎನ್ನುತ್ತಿದ್ದಳು. ಬೆಳಿಗ್ಗೆ ಅಪ್ಪನ ಬಾಗಿಲ ಮುಂದೆ ನಿಲ್ಲದೆ ಹೋಗುವುದು ಅದಕ್ಕಿಂತ ಕಷ್ಟವಾಗಿತ್ತು.

ಇಪ್ಪತ್ತಾರನೆಯ ದಿನ, ನೀರು ಹಾಕಲು ಬಗ್ಗಿದವಳಿಗೆ ಕಡ್ಡಿಯ ಬುಡದಲ್ಲಿ, ಮಣ್ಣಿಗೆ ತಾಗಿಕೊಂಡೇ, ಕೆಂಪಗೆ ಏನೋ ಕಂಡಿತು. ಬಗ್ಗಿದವಳು ಅಲ್ಲೇ ಕುಳಿತುಬಿಟ್ಟಳು. ಆಮೇಲೆ ಅರ್ಧ ದಿನದ ರಜೆ ಕೇಳಿ ಮನೆಗೆ ಓಡಿದಳು.

ಅಪ್ಪ ಕಿಟಕಿಯ ಬಳಿ ಕುರ್ಚಿಯಲ್ಲಿ ತಲೆ ವಾಲಿಸಿಕೊಂಡು ಮಲಗಿದ್ದ. ಎದೆ ಅಲುಗಿದ ಹಾಗೆ ಕಾಣಲಿಲ್ಲ. ಅವಳ ಬೆರಳು ತಾನಾಗಿಯೇ ಅವನ ಮೂಗಿನತ್ತ ಹೋಯಿತು, ಅರ್ಧದಲ್ಲೇ ನಿಂತಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಅವನ ಕಾಲ ಬಳಿ ನೆಲದ ಮೇಲೆ ಕುಳಿತಳು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅವಳಿಗೆ ತುಂಬ ಹೆದರಿಕೆಯಾಗಿತ್ತು. ಆದರೂ ಕಾದಳು.

“ಮಧ್ಯಾಹ್ನಕ್ಕೇ ಬಂದ್ಯಲ್ಲ,” ಅಪ್ಪ ಕಣ್ಣು ತೆರೆಯಲಿಲ್ಲ. “ಚಿಗುರಿತಾ?”

“ಎಳ್ಳಿನಷ್ಟು. ಬುಡದಿಂದ.”

ಅಪ್ಪ ಜೋರಾಗಿ ಒಂದು ಉಸಿರು ಬಿಟ್ಟ.