ಉಗುರಮ್ಮನ ಚಾಕು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಗಂಡ ಊರೆಲ್ಲ ಹೇಳಿಕೊಂಡು ಬರುತ್ತಾರೆ. ಇರಬಹುದು. ಆದರೆ ಭಾನುವಾರದ ರೈತರ ಸಂತೆಯಲ್ಲಿ ಒಂದು ಮೇಜು ಹಾಕಿಕೊಂಡು ಸೋರೆಕಾಯಿ ಮಾರಿ ನೋಡಿ, ನಿಮಗೂ ಬರುತ್ತದೆ. ಬಂದವರೆಲ್ಲ ಎಳೆಯದೋ ಬಲಿತದ್ದೋ ಎಂದು ಕಾಯಿಗೆ ಉಗುರು ಚುಚ್ಚುತ್ತಾರೆ. ಚುಚ್ಚಿ, ತುಟಿ ಸೊಟ್ಟ ಮಾಡಿ, ಪಕ್ಕದ ಮೇಜಿಗೆ ಹೋಗುತ್ತಾರೆ. ಗಾಯವಾದ ಕಾಯಿಯನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ಅದಕ್ಕೇ ನಾನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ನಿಲ್ಲಿಸಿದ್ದೆ: 'ಉಗುರು ಚುಚ್ಚಿದರೆ ಕೊಳ್ಳಲೇಬೇಕು.'

ಈ ಬೋರ್ಡು ಮುಖ್ಯವಾಗಿ ಒಬ್ಬರಿಗಾಗಿ. ವಾರವಾರವೂ ಬಂದು ಹತ್ತು ಕಾಯಿಗೆ ಚುಚ್ಚಿ ಒಂದನ್ನು ಒಯ್ಯುವ, ದಪ್ಪ ಕನ್ನಡಕದ ಹೆಂಗಸು. ಹೆಸರು ಗೊತ್ತಿಲ್ಲ. ನಾವಿಟ್ಟ ಹೆಸರು ಉಗುರಮ್ಮ.

ಆ ಭಾನುವಾರ ಆಕೆ ಎಂದಿನಂತೆ ಬೆರಳು ಎತ್ತಿದರು. ನಾನು ಬೋರ್ಡು ತೋರಿಸಿದೆ.

"ಓದೋಕೆ ಬರುತ್ತಲ್ವಾ ಅಮ್ಮಾ?"

"ನಲವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದೀನಿ. ಬರುತ್ತೆ."

ಅಷ್ಟು ಹೇಳಿ ಕೈ ಹಿಂದೆ ತೆಗೆದುಕೊಂಡು, ರಾಶಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಹೊಳೆಯುತ್ತಿದ್ದ ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು, ದುಡ್ಡು ಕೊಟ್ಟು ಹೊರಟೇಬಿಟ್ಟರು. ಪಕ್ಕದ ಮೇಜಿನ ಮೊಟ್ಟೆಯವನು ನಕ್ಕ. ಗೆದ್ದೆ ಎಂದುಕೊಂಡು ನಾನೂ ನಕ್ಕೆ.

ಅರ್ಧ ಗಂಟೆಯಾಗಿರಬೇಕು, ಮನೆಯಿಂದ ಅತ್ತೆಯ ಫೋನು ಬಂತು.

"ಬೀಜದ ಕಾಯಿ ಎಲ್ಲೇ? ಬಳ್ಳೀಲಿ ಇಲ್ಲ."

ಅತ್ತೆ ಮದುವೆಯಾಗಿ ಬರುವಾಗ ತವರಿನಿಂದ ಒಂದು ಹಿಡಿ ಸೋರೆ ಬೀಜ ತಂದಿದ್ದರು. ಗಿಡ್ಡ ಕುತ್ತಿಗೆಯ, ಬೆಣ್ಣೆಯಂಥ ತಿರುಳಿನ ಕಾಯಿ. ಬೇರೆಲ್ಲೂ ಸಿಗುವುದಿಲ್ಲ, ನಮ್ಮ ಮೇಜಿಗೆ ಜನ ಹುಡುಕಿಕೊಂಡು ಬರುವುದೇ ಅದಕ್ಕೆ. ಪ್ರತಿ ವರ್ಷ ಒಂದೆರಡು ಒಳ್ಳೆಯ ಕಾಯಿಯನ್ನು ಕೀಳದೆ ಬಳ್ಳಿಯಲ್ಲೇ ಬಲಿಯಲು ಬಿಟ್ಟು ಬೀಜ ತೆಗೆಯುತ್ತಾರೆ. ಈ ಸಲ ಡಬ್ಬಿಯಲ್ಲಿದ್ದ ಬೀಜವೆಲ್ಲ ಇಲಿಯ ಪಾಲಾಗಿ, ಬಿತ್ತನೆಗೆ ಅಂತ ಉಳಿದದ್ದು ಆ ಒಂದೇ ಕಾಯಿ. ಅದರ ತೊಟ್ಟಿಗೆ ಅತ್ತೆಯೇ ಕೆಂಪು ಬಟ್ಟೆಯ ಚೂರು ಕಟ್ಟಿದ್ದರು. ಕೆಂಪು ಬಟ್ಟೆ ಇದ್ದದ್ದನ್ನು ಮುಟ್ಟಬಾರದು ಎಂಬುದು ಮನೆಯ ಕಟ್ಟಪ್ಪಣೆ.

ಕಾಯಿ ಕಿತ್ತವರು ನನ್ನ ಗಂಡ. ವ್ಯಾನಿನ ಹತ್ತಿರ ನಿಂತು ಚಹಾ ಕುಡಿಯುತ್ತಿದ್ದರು.

"ರೀ, ಬೀಜದ ಕಾಯಿ ಕಿತ್ರಾ?"

"ಛೇ, ಇಲ್ಲಪ್ಪ. ಕೆಂಪು ಬಟ್ಟೆ ಇದ್ದದ್ದು ಯಾವುದೂ ಇರಲಿಲ್ಲ."

"ಮೊನ್ನೆ ಇತ್ತಲ್ಲ! ಎಲ್ಲಿ ಹೋಯ್ತು ಬಟ್ಟೆ?"

ಅವರು ಚಹಾದ ಲೋಟ ಕೆಳಗಿಟ್ಟರು. ತಲೆ ಕೆರೆದುಕೊಂಡರು. "ಗಾಳಿಗೆ ಚಪ್ಪರ ವಾಲಿತ್ತಲ್ಲ... ಕಂಬ ಕಟ್ಟೋಕೆ ದಾರ ಸಿಗಲಿಲ್ಲ. ಅಲ್ಲೇ ಬಳ್ಳೀಲಿ ಒಂದು ಬಟ್ಟೆ ಚೂರು ಸಿಕ್ತು."

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಬೈಯಲು ಪುರುಸೊತ್ತು ಇರಲಿಲ್ಲ. ಬಲಿತ ಕಾಯಿ ನೋಡಲು ಹಸಿರಾಗಿಯೇ ಇದ್ದರೂ ಸಿಪ್ಪೆ ಗಟ್ಟಿ, ಉಗುರು ಇಳಿಯುವುದಿಲ್ಲ. ನಾನು ಮೇಜಿಗೆ ಓಡಿ ಒಂದೊಂದೇ ಕಾಯಿಗೆ ಉಗುರು ಚುಚ್ಚತೊಡಗಿದೆ. ನನ್ನದೇ ಬೋರ್ಡಿನ ಎದುರು, ಗಿರಾಕಿಗಳು ನೋಡನೋಡುತ್ತಿದ್ದಂತೆ. ಎಲ್ಲವೂ ಎಳೆಯವು.

"ತಳದಲ್ಲಿ ಕಾಸಗಲ ಬಿಳಿ ಮಚ್ಚೆ ಇದೆ ನೋಡೇ," ಎಂದರು ಇನ್ನೂ ಫೋನಿನಲ್ಲೇ ಇದ್ದ ಅತ್ತೆ.

ಆ ಮಚ್ಚೆಯನ್ನು ನಾನು ನೋಡಿದ್ದೆ. ಉಗುರಮ್ಮನ ಚೀಲದ ಬಾಯಿಯಲ್ಲಿ.

"ಮಾರಿಬಿಟ್ಟೆ ಅತ್ತೆ," ಎಂದೆ.

ಅತ್ತೆ ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವರು "ಹೋಗ್ಲಿ ಬಿಡು. ನಮ್ಮಮ್ಮನ ಕಾಲದ್ದು, ಇಷ್ಟು ದಿನ ಬಂತಲ್ಲ," ಎಂದು ಫೋನಿಟ್ಟರು. ನನಗೆ ಅಳು ಬಂತು.

ಉಗುರಮ್ಮ ಎಲ್ಲಿಯವರು ಎಂದು ಯಾರಿಗೂ ಗೊತ್ತಿರಲಿಲ್ಲ. ಬಸ್ ಸ್ಟಾಪಿನ ಕಡೆಯಿಂದ ಬರುತ್ತಾರೆ ಎಂದ ಮೊಟ್ಟೆಯವನು. ನನ್ನ ಗಂಡ ಅತ್ತ ಓಡಿದರು. ನಾನು ಮೇಜಿನ ಹಿಂದೆ ಕುಳಿತು, ಇಷ್ಟು ಹೊತ್ತಿಗೆ ಆ ಬೀಜವೆಲ್ಲ ಕಸದ ಬುಟ್ಟಿ ಸೇರಿರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಗಂಡನನ್ನು ಬೈದು ಏನು ಪ್ರಯೋಜನ? ಆಕೆಗೆ ಒಂದು ಸಲ ಚುಚ್ಚಲು ಬಿಟ್ಟಿದ್ದರೆ ಅಲ್ಲೇ ಇಟ್ಟು ಹೋಗುತ್ತಿದ್ದರು. ತಡೆದವಳು ನಾನು. ಮಾಡಿದ್ದುಣ್ಣೋ ಮಹರಾಯ.

ಸಂತೆ ಮುಗಿಯುತ್ತ ಬಂತು. ಗಂಡ ಬೆವರಿಕೊಂಡು ಬರಿಗೈಯಲ್ಲಿ ವಾಪಸ್ಸಾದರು. ನಾವು ಮೇಜು ಮಡಚುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಎಲ್ಲಿಗೆ ಓಡ್ತಿದ್ದೀರಿ? ನಿಲ್ಲಿ!"

ಉಗುರಮ್ಮ. ಬಗಲಲ್ಲಿ ನಮ್ಮ ಕಾಯಿ. ಕಾಯಿಯ ಹೊಟ್ಟೆಗೆ ಚಾಕುವಿನ ಅಲಗು ಅರ್ಧ ಇಳಿದು ಸಿಕ್ಕಿಕೊಂಡಿತ್ತು. ಚಾಕುವಿನ ಹಿಡಿ ಮಾತ್ರ ಆಕೆಯ ಬಲಗೈಯಲ್ಲಿತ್ತು.

"ಇದು ತರಕಾರೀನಾ, ಕಲ್ಲಾ? ಹೊಸ ಚಾಕು ಮುರೀತು! ಚುಚ್ಚಬೇಡಿ ಅಂತ ಬೋರ್ಡು ಬೇರೆ! ಈಗ ಗೊತ್ತಾಯ್ತು ಯಾಕೆ ಅಂತ. ಮುದಿ ಕಾಯಿ ಮಾರೋಕೆ!"

ಸಂತೆಯ ಜನವೆಲ್ಲ ತಿರುಗಿ ನೋಡಿತು. ಬೇರೆ ದಿನವಾಗಿದ್ದರೆ ನನ್ನ ಬಾಯಿಗೆ ಸಿಕ್ಕಿ ಆಕೆ ಪುಡಿಯಾಗುತ್ತಿದ್ದರು. ನನಗೆ ಹೋದ ಜೀವ ಬಂದಂತಾಗಿತ್ತು. ಓಡಿಹೋಗಿ ಆಕೆಯನ್ನು ಕಾಯಿ, ಚಾಕು ಸಮೇತ ಅಪ್ಪಿಕೊಂಡೆ.

"ಬೈಯಿರಿ ಅಮ್ಮಾ, ಇನ್ನೂ ಬೈಯಿರಿ!"

"ಇವಳಿಗೇನಾಯ್ತು?" ಎಂದು ಆಕೆ ನನ್ನ ಗಂಡನನ್ನು ಕೇಳಿದರು. ಅವರು ಬೆವರು ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

ವಿಷಯ ತಿಳಿದ ಮೇಲೆ ಉಗುರಮ್ಮ ಮಡಚು ಕುರ್ಚಿಯ ಮೇಲೆ ಕುಳಿತು ನೀರು ಕುಡಿದರು. ನಾನು ಉಳಿದ ಕಾಯಿಗಳನ್ನೆಲ್ಲ ಎದುರಿಗಿಟ್ಟು ಚುಚ್ಚಿ ನೋಡಿ ಎಂದೆ. "ಎಲ್ಲಾದಕ್ಕೂ ಆಗಲೇ ಚುಚ್ಚಿದ್ದಾರಲ್ಲ, ಯಾರದು ಇಂಥ ಕೆಟ್ಟ ಬುದ್ಧಿ?" ಎಂದು ಕೇಳಿ ಮೂರನ್ನು ಆರಿಸಿಕೊಂಡರು. ನಾನು ಉಗುರುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಮನೆಯಲ್ಲಿ ಅತ್ತೆ ಕಾಯಿಯನ್ನು ಕೈಗೆ ತೆಗೆದುಕೊಂಡು ಮಗುವಿನ ಮೈ ಸವರಿದಂತೆ ಸವರಿದರು. ಒಡೆದು ನೋಡಿದರೆ ಬೀಜ ಚೆನ್ನಾಗಿ ಬಲಿತಿತ್ತು. ಚಾಕುವಿಗೆ ಸಿಕ್ಕಿ ತುಂಡಾದದ್ದು ನಾಲ್ಕೇ ನಾಲ್ಕು. ಮಗನಿಗೆ ಅವರು ಹೇಳಿದ್ದು ಒಂದೇ ಮಾತು: "ಆ ಚಾಕುಗೆ ಹೊಸ ಹಿಡಿ ಹಾಕಿಕೊಡೋ."

ಮುಂದಿನ ಭಾನುವಾರ ಎಂದೂ ಸಂತೆಗೆ ಬಾರದ ಅತ್ತೆ ವ್ಯಾನು ಹತ್ತಿದರು. ಒಣಗಿಸಿದ ಬೀಜವನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿಕೊಂಡಿದ್ದರು. "ಒಂದೇ ಡಬ್ಬೀಲಿ ಬಚ್ಚಿಟ್ಟಿದ್ದೇ ನನ್ನ ತಪ್ಪು ಕಣೇ. ನಾಲ್ಕು ಮನೇಲಿದ್ರೆ ನಾಲ್ಕೂ ಕಡೆ ಇಲಿ ಬರುತ್ತಾ?" ಮೊಟ್ಟೆಯವನಿಗೊಂದು ಪೊಟ್ಟಣ ಹೋಯಿತು. ಉಗುರಮ್ಮ ಬಂದಾಗ ಹೊಸ ಹಿಡಿ ಹಾಕಿದ ಚಾಕುವಿನ ಜೊತೆ ಇನ್ನೊಂದು ಪೊಟ್ಟಣವನ್ನು ಅತ್ತೆ ಕೈಗಿಟ್ಟರು.

"ಅಯ್ಯೋ, ನನ್ನ ಹತ್ರ ಇರೋದು ಮಹಡಿ ಮೇಲೆ ಎರಡು ಹಳೆ ಡ್ರಮ್ಮು. ಮಣ್ಣಿನ ಕೆಲಸ ನನಗೆ ಬರಲ್ಲ."

"ಬರುತ್ತೆ," ಎಂದರು ಅತ್ತೆ. "ಮಣ್ಣಿಗೆ ಒಂದು ಗೆಣ್ಣು ಆಳ ಬೆರಳು ಚುಚ್ಚಿ, ಬೀಜ ಹಾಕಿ ಮುಚ್ಚಿ. ಅಷ್ಟೇ. ಚುಚ್ಚೋದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಂತೆ."

ಉಗುರಮ್ಮ ನನ್ನ ಕಡೆ ನೋಡಿದರು. ನಾನು ಬೋರ್ಡು ತೆಗೆದು ಮೇಜಿನ ಕೆಳಗೆ ತಳ್ಳಿದೆ.