ಹೆಸರಿಲ್ಲದ ಹಾಳೆ

ನನಗೆ ಹೊಟ್ಟೆಕಿಚ್ಚು ಎಂದು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ: ಹೌದು, ಹೊಟ್ಟೆಕಿಚ್ಚೇ. ಸಣ್ಣಪುಟ್ಟದ್ದಲ್ಲ. ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಮಕ್ಕಳ ಪುಸ್ತಕ ಬರೆಯುತ್ತಾಳೆ. ಹನ್ನೊಂದು ಪುಸ್ತಕ! ನಾನು ನಾಲ್ಕನೇ ತರಗತಿಗೆ ಭಾಷೆ ಕಲಿಸುತ್ತೇನೆ, ಇಪ್ಪತ್ತೆರಡು ವರ್ಷದಿಂದ ಅದೇ ನಾಲ್ಕನೇ ತರಗತಿ. ಅವಳ ಮೊದಲ ಪುಸ್ತಕದ ತಪ್ಪುಗಳನ್ನೆಲ್ಲ ತಿದ್ದಿಕೊಟ್ಟವಳು ಯಾರು? ನಾನು. ಒಲೆಯ ಮೇಲೆ ಹಾಲಿಟ್ಟು, ಅಡುಗೆಮನೆಯಲ್ಲಿ ಕೂತು ತಿದ್ದಿದೆ. ಹಾಲು ಉಕ್ಕಿ ಹೋಯಿತು, ಪುಸ್ತಕ ಅಚ್ಚಾಯಿತು.

ಆರು ವರ್ಷದ ಹಿಂದೆ ಧೈರ್ಯ ಮಾಡಿ ನಾನು ಬರೆದದ್ದೊಂದನ್ನು ಅವಳಿಗೆ ತೋರಿಸಿದ್ದೆ. ಎರಡು ಪುಟ ಓದಿ, ನಕ್ಕು, "ಅಕ್ಕಾ, ತಿದ್ದೋದ್ರಲ್ಲಿ ನಿಮ್ಮದು ಎತ್ತಿದ ಕೈ ಬಿಡಿ" ಎಂದಳು. ಅಷ್ಟೇ. ಕಥೆಯ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಅವತ್ತಿನಿಂದ ನನಗೆ ಬೇಕಾಗಿದ್ದುದು ಒಂದೇ: ಚೆನ್ನಾಗಿ ಬರೆದಿದ್ದೀರಿ ಎಂದು ಅವಳ ಬಾಯಿಂದ ಬರಬೇಕು.

ಇಂಥವಳನ್ನು ಕಥೆ ಬರೆಯುವುದು ಹೇಗೆಂದು ಮಕ್ಕಳಿಗೆ ಕಲಿಸಲು ನಮ್ಮ ಹೆಡ್‌ಮಿಸ್ ಕರೆಸಿದರು. ಅದೂ ನನ್ನ ತರಗತಿಗೇ. ಹಿಂದಿನ ದಿನ ಸಂಜೆ ನಾನು ಪಾತ್ರೆಗಳನ್ನು ಕುಕ್ಕುವುದು ಕೇಳಿ ನನ್ನ ಗಂಡ, "ಕಿಟಕಿ ತೆಗಿ ಮಾರಾಯ್ತಿ, ನಿನ್ನ ಹೊಟ್ಟೇಲಿ ಎದ್ದ ಹೊಗೆ ಹೊರಗೆ ಹೋಗಲಿ" ಎಂದರು. ತಮಾಷೆ ಅವರಿಗೆ.

ಬಂದವಳು ನನ್ನ ಮೇಜಿನ ಮೇಲೆ ಹತ್ತಿ ಕೂತಳು. ಮೇಜಿನ ಮೇಲೆ! ಕಾಲು ಬೇರೆ ಆಡಿಸುತ್ತಿದ್ದಳು. ನನ್ನ ಮುಂದೆ ಕಲ್ಲಿನ ಹಾಗೆ ಕೂರುವ ಮಕ್ಕಳೆಲ್ಲ ಅವಳ ಮುಂದೆ ಬಾಯಿಗೆ ಬಂದ ಪ್ರಶ್ನೆ ಕೇಳಿದರು. "ನಿಮಗೆ ಕಥೆ ಎಲ್ಲಿ ಸಿಗುತ್ತೆ?" "ಬರೆದು ಬರೆದು ಕೈ ನೋಯಲ್ವಾ?" ಪ್ರತಿಯೊಂದಕ್ಕೂ ಅವಳು ನಗುನಗುತ್ತಾ ಉತ್ತರ ಕೊಟ್ಟಳು, ಅವರೂ ಬಿದ್ದು ಬಿದ್ದು ನಕ್ಕರು. ನಾನು ಇಪ್ಪತ್ತೆರಡು ವರ್ಷದಲ್ಲಿ ಯಾವ ಮಕ್ಕಳನ್ನೂ ಅಷ್ಟು ನಗಿಸಿಲ್ಲ, ನಿಜ. ಮೈಯೆಲ್ಲ ಉರಿಯಿತು.

"ನಿಮ್ಮ ಮನೆಯ ಒಂದು ಬಾಗಿಲಿನ ಬಗ್ಗೆ ಬರೀರಿ," ಎಂದಳು. "ಹೆಸರು ಮಾತ್ರ ಹಾಕ್ಬೇಡಿ. ಹೆಸರು ಕಂಡ್ರೆ ನಾನು ಬರಹ ಬಿಟ್ಟು ಮುಖ ನೋಡ್ತೀನಿ. ಎಲ್ಲಾ ಶಾಲೆ ಮಕ್ಕಳದ್ದೂ ಸೇರಿಸಿ ಒಂದು ಪುಸ್ತಕ ಮಾಡ್ತಿದೀನಿ. ಈ ಕ್ಲಾಸಿಂದ ಒಂದೇ ಒಂದು ತಗೋತೀನಿ."

ಕೊನೆಯ ಬೆಂಚಿನಲ್ಲಿ ಕೂತಿದ್ದ ನಾನು ಸುಮ್ಮನೆ ಒಂದು ಹಾಳೆ ಎಳೆದುಕೊಂಡೆ. ಮಕ್ಕಳ ಅಕ್ಷರ ತಿದ್ದಿ ತಿದ್ದಿ ಸವೆದವಳಿಗೆ ಮಕ್ಕಳ ಹಾಗೆ ಬರೆಯುವುದೇನು ಮಹಾ! ಪೆನ್ಸಿಲ್ಲಿನಲ್ಲಿ, ದುಂಡಗೆ, ಸಾಲು ಸ್ವಲ್ಪ ಸೊಟ್ಟಗೆ ಬರೆದೆ. ಅವಳು ಏನನ್ನುತ್ತಾಳೆಂದು ಕೇಳಿಸಿಕೊಳ್ಳುವುದು, ಆಮೇಲೆ ಮರೆಯಲ್ಲಿ ಕರೆದು ನಿಜ ಹೇಳಿ ಹಾಳೆ ವಾಪಸು ಪಡೆಯುವುದು. ಇದರಲ್ಲಿ ಯಾರ ಗಂಟು ಹೋಗುತ್ತದೆ ಎಂದುಕೊಂಡೆ. ಕಟ್ಟಿನ ಮಧ್ಯೆ ನನ್ನದನ್ನೂ ಸೇರಿಸಿ ಅವಳ ಕೈಗೆ ಕೊಟ್ಟೆ.

ಊಟದ ಬಿಡುವಿನಲ್ಲಿ ಅವಳು ಎಲ್ಲವನ್ನೂ ಓದಿದಳು. ನಾನು ಒಂದು ತುತ್ತೂ ನುಂಗಲಿಲ್ಲ. ಗಂಟೆ ಹೊಡೆದ ಮೇಲೆ ತರಗತಿಗೆ ಬಂದು, ಮತ್ತೆ ಮೇಜು ಹತ್ತಿ ಕೂತು, ಆರಿಸಿ ಮೇಲಿಟ್ಟಿದ್ದ ಹಾಳೆ ಎತ್ತಿ ಓದಿದಳು:

"ನಮ್ಮ ಬಚ್ಚಲಮನೆ ಬಾಗಿಲಿಗೆ ಚಿಲಕ ಇಲ್ಲ. ಅದಕ್ಕೇ ಒಳಗೆ ಹೋದವರು ಹಾಡಬೇಕು. ಅಜ್ಜನಿಗೆ ಒಂದೇ ಹಾಡು ಬರುತ್ತಿತ್ತು. ಒಂದು ದಿನ ಹಾಡು ಅರ್ಧಕ್ಕೆ ನಿಂತಿತು. ನಾವೆಲ್ಲ ಬಾಗಿಲ ಮುಂದೆ ನಿಂತೆವು. ಯಾರಿಗೂ ತಳ್ಳಲು ಮನಸ್ಸಾಗಲಿಲ್ಲ."

ನನ್ನದು! ನನ್ನ ತವರುಮನೆಯ ಬಾಗಿಲು, ನನ್ನ ಅಜ್ಜ.

"ಯಾರು ಬರೆದಿದ್ದು? ಎದ್ದು ನಿಂತ್ಕೊಳ್ಳಿ ಪುಟ್ಟಾ, ನಾಚ್ಕೋಬೇಡಿ."

ಯಾರೂ ಏಳಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಮತ್ತೆ ಕೇಳಿದಳು. ಆಗ ಎರಡನೇ ಬೆಂಚಿನಿಂದ ಮೆಲ್ಲಕ್ಕ ಎದ್ದಳು. ಮಾತು ಮೆಲ್ಲಗೆ, ನಡೆ ಮೆಲ್ಲಗೆ, ಅದಕ್ಕೆ ತರಗತಿಯವರು ಇಟ್ಟ ಹೆಸರು ಅದು. ವರ್ಷವಿಡೀ ಕೈಯೆತ್ತದ ಹುಡುಗಿ.

"ನಂದು ಮಿಸ್," ಎಂದಳು.

ನನ್ನ ವಾರಗಿತ್ತಿ ಮೇಜಿನಿಂದ ಇಳಿದು ಹೋಗಿ ಅವಳನ್ನು ಅಪ್ಪಿಕೊಂಡಳು. "ಎಷ್ಟು ಚೆನ್ನಾಗಿ ಬರೆದಿದೀಯಮ್ಮಾ! ನನಗೇ ಹೀಗೆ ಬರೆಯೋಕೆ ಬರಲ್ಲ."

ಆರು ವರ್ಷ ನಾನು ಕಾದಿದ್ದ ಮಾತು ಅದು! ಬಂತು, ಬಂದು ಬೇರೆಯವರ ಮಡಿಲಿಗೆ ಬಿತ್ತು. ಹತ್ತು ವರ್ಷದ ಮಗು ಎನ್ನುವುದು ನನಗೆ ಮರೆತೇಹೋಯಿತು.

"ಸುಳ್ಳು!" ಎಂದು ಕಿರುಚಿದೆ. "ಸುಳ್ಳು ಹೇಳ್ತಿದಾಳೆ ಅವಳು! ಅದು ನಂದು. ನಾನು ಬರೆದಿದ್ದು!"

ಮೆಲ್ಲಕ್ಕ ಕುಸಿದು ಕೂತು ಮುಖವನ್ನು ಡೆಸ್ಕಿಗೆ ಒತ್ತಿಕೊಂಡಳು.

"ಅಕ್ಕಾ... ನೀವಾ?" ಎಂದಳು ನನ್ನ ವಾರಗಿತ್ತಿ. ಹಾಳೆಯನ್ನು ಇನ್ನೊಮ್ಮೆ ನೋಡಿದಳು. ಅವಳ ನಗು ತುಟಿಯಲ್ಲಿ ಹಾಗೇ ಉಳಿದು, ಕಣ್ಣಿನಿಂದ ಮಾತ್ರ ಇಳಿದುಹೋಯಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು, ದಿನಾ ಕನ್ನಡಿಯಲ್ಲಿ ನೋಡುವವಳು ನಾನು. ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚಾಗಿತ್ತು! ನನಗೆ ಸ್ವರ್ಗಕ್ಕೆ ಮೂರೇ ಗೇಣು. ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದು ನಿಮಿಷ ನಾನು ಆ ಮಗುವಿನ ಕಡೆ ನೋಡಲೂ ಇಲ್ಲ.

"ಸರಿ," ಎಂದು ಅವಳು ನನ್ನ ಹಾಳೆಯನ್ನು ಬದಿಗಿಟ್ಟಳು. "ದೊಡ್ಡವರದ್ದು ಲೆಕ್ಕಕ್ಕಿಲ್ಲ. ನಿಜ ಹೇಳ್ಬೇಕಂದ್ರೆ, ಅದೋ ಇದೋ ಅಂತ ಊಟದ ಹೊತ್ತೆಲ್ಲ ಒದ್ದಾಡಿದೆ. ಇದನ್ನೇ ತಗೋತೀನಿ." ಎರಡನೇ ಹಾಳೆ ಎತ್ತಿ ಓದಿದಳು:

"ನಮ್ಮ ಮನೆಗೆ ಇರುವುದು ಒಂದೇ ಬಾಗಿಲು. ಅಪ್ಪ ಹೋಗಿದ್ದೂ ಅದರಿಂದಲೇ. ಹೊಸ ಅಪ್ಪ ಬಂದಿದ್ದೂ ಅದರಿಂದಲೇ. ಬಾಗಿಲು ಇಬ್ಬರಿಗೂ ಒಂದೇ ಥರ ಕಿರ್ ಅಂತು."

"ಇದು ಯಾರದು?"

ಯಾರೂ ಏಳಲಿಲ್ಲ. ನಾನು ಮುಂದೆ ಹೋಗಿ ಹಾಳೆ ನೋಡಿದೆ. ಪೆನ್ಸಿಲ್ ಒತ್ತಿ ಒತ್ತಿ ಬರೆದದ್ದು, ರಬ್ಬರ್ ಉಜ್ಜಿ ಎರಡು ಕಡೆ ತೂತಾಗಿದೆ. ಈ ಅಕ್ಷರವನ್ನು ನಾನು ನಿದ್ದೆಗಣ್ಣಿನಲ್ಲೂ ಗುರುತು ಹಿಡಿಯುತ್ತೇನೆ. ನಾನು ಹಾಳೆ ಸೇರಿಸದೇ ಹೋಗಿದ್ದರೆ ಇದೇ ಮೇಲಿರುತ್ತಿತ್ತು.

ಬೆಂಚಿನ ಹತ್ತಿರ ಹೋಗಿ ಬಗ್ಗಿದೆ. "ಏಳಮ್ಮಾ ಮೆಲ್ಲಕ್ಕ. ಇದು ನಿಂದೇ."

"ನಂದಲ್ಲ," ಎಂದಳು, ತಲೆಯೆತ್ತದೆ.

"ನಿನ್ನ ಅಕ್ಷರ ನನಗೆ ಗೊತ್ತಿಲ್ವೇನೇ? ಏಳು ಬಂಗಾರ. ಪುಸ್ತಕದಲ್ಲಿ ಬರುತ್ತೆ ನಿಂದು."

ಪಕ್ಕದ ಹುಡುಗಿ ಎದ್ದು ನಿಂತು, "ಅವಳ ಮಾತು ಕೇಳ್ಬೇಡಿ ಮಿಸ್," ಎಂದಳು. "ಸುಳ್ಳು ಹೇಳ್ತಾಳೆ ಅಂತ ನೀವೇ ಹೇಳಿದ್ರಲ್ಲ."

ನಾನು ಮೆಲ್ಲಕ್ಕನ ಭುಜದ ಮೇಲೆ ಕೈಯಿಟ್ಟೆ. ಅವಳು ಕೊಡವಿಕೊಂಡಳು.

"ನಂದಲ್ಲ ಅಂದ್ನಲ್ಲ ಮಿಸ್," ಎಂದಳು. "ಅದನ್ನೂ ನೀವೇ ಬರೆದಿರ್ತೀರಿ."