ಮಂಜುಗಡ್ಡೆಯ ಮೇಲಿನ ಹೊಂಬಣ್ಣ

ಡಬ್ಬಿಯ ಮುಚ್ಚಳ ತೆಗೆದ ನರ್ಸಮ್ಮನ ಕೈ ಮಂಜುಗಡ್ಡೆಯ ಪುಡಿಯ ಮೇಲೆ ಹಾಗೇ ನಿಂತುಬಿಟ್ಟಿತು.

ಆಮೇಲೆ ಅವರು ಅದರ ಮೇಲಿದ್ದ ಚೀಲವನ್ನು ಮೆಲ್ಲನೆ ಎತ್ತಿ, ಕಿಟಕಿಯ ಬಳಿಗೆ ಒಯ್ದು, ಅಪರಾಹ್ನದ ಬೆಳಕಿಗೆ ಹಿಡಿದರು. ಸಹೃದಯರೇ, ರಕ್ತಸ್ರಾವವನ್ನು ನಿಲ್ಲಿಸುವ ಪ್ಲೇಟ್‌ಲೆಟ್‌ಗಳ ಚೀಲವನ್ನು ಹೀಗೆ ಬೆಳಕಿಗೆ ಹಿಡಿದು ಹಗುರಾಗಿ ಅಲುಗಿಸಿದರೆ, ಆ ಹೊಂಬಣ್ಣದ ದ್ರವದೊಳಗೆ ರೇಷ್ಮೆಯಂಥ ಸುಳಿಯೊಂದು, ಮಳೆ ನಿಂತ ಬೀದಿಯ ನೀರಿನಲ್ಲಿ ಮೋಡದ ನೆರಳು ಸರಿದಂತೆ, ಮಿನುಗಿ ಮಿನುಗಿ ಸರಿಯುತ್ತದೆ... ಈ ಚೀಲದಲ್ಲಿ ಏನೂ ಸರಿಯಲಿಲ್ಲ. ಮಬ್ಬು ಹಳದಿ, ಅಷ್ಟೇ!

"ಐಸ್‌ನಲ್ಲಿ ಇಡೋಕೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ," ಎಂದ ರೋಗಿಯ ಗಂಡ. "ನಾನೇ ಇಟ್ಟೆ. ಕೆಡಬಾರದು ಅಂತ."

ಅವನು ಹತ್ತೊಂಬತ್ತು ವರ್ಷ ಶೈತ್ಯಾಗಾರದಲ್ಲಿ ದುಡಿದವನು. ಮೀನು, ಹೂವು, ಹಾಲು... ಅವನ ಲೋಕದಲ್ಲಿ ಬೆಲೆಯುಳ್ಳದ್ದೆಲ್ಲ ತಣ್ಣಗಿರಬೇಕು. ರಕ್ತನಿಧಿಯ ಬೆಚ್ಚನೆಯ ಕೋಣೆಯಲ್ಲಿ, ತೊಟ್ಟಿಲಿನಂತೆ ತೂಗುವ ತಟ್ಟೆಯ ಮೇಲೆ ಆ ಚೀಲವನ್ನು ಕಂಡಾಗಲೇ ಇದು ಕೆಟ್ಟುಹೋಗುತ್ತದೆ ಎಂದುಕೊಂಡಿದ್ದ. "ಹೀಗೇ ತಗೊಂಡು ಹೋಗಿ," ಎಂದು ಅಲ್ಲಿಯವನು ಹೇಳಿದ್ದು ಬೇಜವಾಬ್ದಾರಿಯ ಮಾತಾಗಿ ಕೇಳಿಸಿತ್ತು. ದಾರಿಯಲ್ಲಿ ತನ್ನ ಕೆಲಸದ ಜಾಗಕ್ಕೆ ನುಗ್ಗಿ, ಅತ್ಯಂತ ಶುಭ್ರವಾದ ಮಂಜುಗಡ್ಡೆಯನ್ನು ತಾನೇ ಆರಿಸಿ, ಪುಡಿಮಾಡಿ, ಹಾಸಿಗೆಯಂತೆ ಹಾಸಿ, ಅದರ ಮೇಲೆ ಮಲಗಿಸಿ ತಂದಿದ್ದ.

"ಕೆಂಪು ರಕ್ತಕ್ಕೆ ತಂಪು ಬೇಕು, ಇದಕ್ಕಲ್ಲ. ತಣ್ಣಗಾದ್ರೆ ಇವು ಮೈಯೊಳಗೆ ಉಳಿಯಲ್ಲ. ಇದನ್ನ ಹಾಕೋಕಾಗಲ್ಲ."

"ಸ್ವಲ್ಪ ಬಿಸಿಲಿಗಿಟ್ರೆ ಸರಿಹೋಗಲ್ವಾ?"

"ಇದೇನು ಬೆಣ್ಣೆನಾ?"

ಮಂಚದ ಮೇಲೆ ಅವನ ಹೆಂಡತಿ, ಪುಸ್ತಕಗಳಿಗೆ ರಟ್ಟು ಕಟ್ಟುವವಳು, ಮೂಗಿಗೆ ತುರುಕಿದ ಹತ್ತಿಯ ಅಡಿಯಿಂದ ನಕ್ಕಳು. ಕ್ಯಾನ್ಸರಿನ ಔಷಧ ಅವಳ ಪ್ಲೇಟ್‌ಲೆಟ್‌ಗಳನ್ನು ಬರಿದುಮಾಡಿತ್ತು. ಬೆಳಗಿನಿಂದ ಮೂಗು, ವಸಡು ಎರಡೂ ಒಸರುತ್ತಿದ್ದವು. ಇವತ್ತೇ ನಿಲ್ಲದಿದ್ದರೆ ಮಿದುಳಿನಲ್ಲೂ ಒಸರಬಹುದೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

"ಮದುವೆಯಾದ ಹೊಸದ್ರಲ್ಲಿ ನನ್ನ ಲಿಪ್‌ಸ್ಟಿಕ್ಕನ್ನೂ ಫ್ರಿಜ್‌ನಲ್ಲಿಟ್ಟಿದ್ರು, ಸಿಸ್ಟರ್."

"ಈಗ ಯಾಕೆ ಅದೆಲ್ಲ..." ಎಂದ ಗಂಡ, ನೆಲ ನೋಡುತ್ತ.

ನರ್ಸಮ್ಮ ರಕ್ತನಿಧಿಗೆ ಫೋನು ಮಾಡಿದರು. ದಾನಿಯೊಬ್ಬರು ಪ್ಲೇಟ್‌ಲೆಟ್ ತೆಗೆಯುವ ಯಂತ್ರದ ಪಕ್ಕ ಮಲಗಿದ್ದಾರೆ, ಇನ್ನೊಂದು ಚೀಲಕ್ಕೆ ಎರಡು ಗಂಟೆ ಬೇಕು. ಅದು ಬಿಟ್ಟರೆ ನಾಳೆಯವರೆಗೆ ಬೇರೆ ಇಲ್ಲ.

ಎರಡು ಗಂಟೆ! ಅಷ್ಟರಲ್ಲಿ ಮೂರು ಸಲ ಹತ್ತಿ ಬದಲಾಯಿತು, ಮೂರು ಸಲವೂ ಅದು ಸಂಧ್ಯೆಯ ಬಣ್ಣಕ್ಕೆ ತಿರುಗಿತು. ಗಂಡ ಕುರ್ಚಿಯ ಅಂಚಿನಲ್ಲಿ ಕೂತು ತನ್ನ ಅಂಗೈಗಳನ್ನೇ ನೋಡುತ್ತಿದ್ದ. ಓದುಗರೇ, ಮನುಷ್ಯಹೃದಯ ತನಗೆ ಗೊತ್ತಿರುವ ಒಂದೇ ರೀತಿಯಲ್ಲಿ ಕಾಪಾಡಲು ಹೊರಡುತ್ತದೆ... ಆ ರೀತಿ ಸಲ್ಲದ ಕಡೆ, ಅದೇ ಅಕ್ಕರೆ ಎಷ್ಟು ನಿರ್ದಯವಾಗಬಲ್ಲದು!

ಫೋನು ರಿಂಗಾಯಿತು. ಚೀಲ ಸಿದ್ಧ.

ಅವನು ಎದ್ದ. ಬಾಗಿಲವರೆಗೂ ಹೋಗಲಾರದೆ ನಿಂತ.

"ನೀವು ಕೂತ್ಕೊಳ್ಳಿ," ಎಂದರು ನರ್ಸಮ್ಮ ಮೃದುವಾಗಿ. "ಈ ಸಲ ನಮ್ಮ ಆಯಾನ ಕಳಿಸ್ತೀನಿ."

ಅವನು ಹಗುರಾಗಿ ತಲೆಯಾಡಿಸಿ, ಕೂರಲು ಹೊರಟ.

ಹೆಂಡತಿ ಬಾಯಿಗೊತ್ತಿಕೊಂಡಿದ್ದ ಬಟ್ಟೆಯನ್ನು ಸರಿಸಿದಳು.

"ಬೇಡ, ಸಿಸ್ಟರ್. ಅವರೇ ತರ್ತಾರೆ."